ಕುದುರೆ ಸರದಾರನಿಗೆ ಇಟ್ಟ ಎಡೆ

ನಾನು ಬಾಡಿಗೆಗೆ ಬಂದ ಮನೆಯ ನಡುಮನೆಯಲ್ಲಿ, ಸೋಫಾ ಪಕ್ಕದಲ್ಲೇ, ಕುದುರೆಯ ಜೀನು ಇತ್ತು. ಎಪ್ಪತ್ತು ದಾಟಿದ ಮನೆಯೊಡತಿ ಹೆಲೆನಾ ದಿನಾ ಬೆಳಿಗ್ಗೆ ಅದರ ಧೂಳು ಒರೆಸಿ, ಗೋಡೆಯ ಫೋಟೊಗೆ ‘ಜೆನ್ ದೊಬ್ರಿ’ ಎಂದು ನಮಸ್ಕಾರ ಹೇಳುತ್ತಿದ್ದರು. ಫೋಟೊದಲ್ಲಿ ಮೀಸೆಯ ಅಧಿಕಾರಿಯೊಬ್ಬರು ಕುದುರೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಶ್ರೀನಿವಾಸಪುರದ ಕಡೆಯಿಂದ ಪೋಲೆಂಡಿನ ಲುಬ್ಲಿನ್‌ಗೆ ಬಂದವನಿಗೆ ಇದೆಂಥ ಮನೆ ಸಿಕ್ಕಿತಪ್ಪಾ ಅನ್ನಿಸಿತು.

ನನ್ನ ಕೆಲಸ ಊರಾಚೆಯ ಗಾಜಿನಮನೆಯಲ್ಲಿ ಟೊಮೆಟೊ ಬಿಡಿಸುವುದು. ಕೋಲಾರದ ಮಂಡಿಗೆ ಕ್ರೇಟುಗಟ್ಟಲೆ ಟೊಮೆಟೊ ಸಾಗಿಸಿದವನು ಅಷ್ಟು ದೂರ ಹೋಗಿಯೂ ಅದನ್ನೇ ಹಿಡಿದ ಎಂದು ನಮ್ಮೂರು ಯಲ್ದೂರಿನಲ್ಲಿ ನಗುತ್ತಾರೆ, ನಗಲಿ. ಅಲ್ಲಿ ಬಿಸಿಲಿಗೆ ತಲೆಗೆ ಟವೆಲ್ಲು. ಇಲ್ಲಿ ಹೊರಗೆ ಹಿಮ, ಒಳಗೆ ಬೆವರು.

ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಇಲ್ಲಿ ಇರಲು ಬೇಕಾದ ನನ್ನ ಪರವಾನಗಿ ಇನ್ನೂ ನವೀಕರಣವಾಗಿರಲಿಲ್ಲ; ಹೊರಟರೆ ಮರಳುವಂತಿರಲಿಲ್ಲ. ಹನ್ನೊಂದನೆಯ ದಿನದ ಎಡೆಯನ್ನು ತಮ್ಮನೇ ಇಟ್ಟ. ಹಿರಿಯ ಮಗನಾಗಿ ಅಪ್ಪನಿಗೆ ಒಂದು ತುತ್ತು ಇಡಲಾಗಲಿಲ್ಲವಲ್ಲ ಎಂಬ ಸಂಕಟ ಊಟಕ್ಕೆ ಕೂತಾಗಲೆಲ್ಲ ಕಾಡುತ್ತಿತ್ತು.

ಹೆಲೆನಾ ಅವರಿಗೂ ಅಪ್ಪನದೇ ಕೊರಗು. ಅವರ ತಂದೆ ಕುದುರೆ ದಳದ ಅಧಿಕಾರಿ. ಯುದ್ಧದಲ್ಲಿ ಸೆರೆಸಿಕ್ಕು, ಬದುಕಿ ಬಂದಾಗ ಸೈನ್ಯದಲ್ಲಿ ಕುದುರೆಗಳಿಗೇ ಕೆಲಸ ಉಳಿದಿರಲಿಲ್ಲ. ರೈತರ ಪಕ್ಷ ಸೇರಿ ರಾಜಕಾರಣಿಯಾದರು, ಸಂಸತ್ತಿಗೂ ಹೋದರು. ರಸ್ತೆ, ಗೊಬ್ಬರ, ಶಾಲೆ ಎಂದು ಹಳ್ಳಿ ಹಳ್ಳಿ ಸುತ್ತಿದರು. ಹಬ್ಬದ ದಿನವೂ ಊಟ ಯಾರದೋ ಮನೆಯಲ್ಲಿ.

“ಊರಿಗೆಲ್ಲ ಅಪ್ಪ, ನನಗೆ ಫೋಟೊ,” ಎಂದು ಹೆಲೆನಾ ಒಮ್ಮೆ ಹೇಳಿದ್ದರು.

ಕ್ರಿಸ್‌ಮಸ್‌ನ ಹಿಂದಿನ ಸಂಜೆಯ ಊಟಕ್ಕೆ ಇಲ್ಲಿ ‘ವಿಗಿಲಿಯಾ’ ಎನ್ನುತ್ತಾರೆ. ಅಂದು ನನ್ನನ್ನೂ ಕರೆದರು. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಉಣ್ಣುವಂತಿಲ್ಲ. ನಮ್ಮಲ್ಲಿ ಎಡೆಗೆ ಕಾಗೆ ಬಾಯಿ ಹಾಕಲೆಂದು ಕಾಯುವುದಿಲ್ಲವೇ, ಹಾಗೆ. ನಾವಿದ್ದದ್ದು ಇಬ್ಬರು, ಮೇಜಿನ ಮೇಲೆ ಮೂರು ತಟ್ಟೆ. ಮೂರನೆಯದು ಫೋಟೊಗೆ ಎದುರಾಗಿತ್ತು. ಓಹೋ, ಅಪ್ಪನಿಗೆ ಎಡೆ ಎಂದುಕೊಂಡೆ.

ಅವರು ನಕ್ಷತ್ರ ನೋಡಲು ಅಂಗಳಕ್ಕೆ ಹೋದರು. ಹಿರಿಯರಿಗೆ ಮೊದಲು ಬಡಿಸಬೇಕಲ್ಲ! ‘ಬಾರ್ಷ್’ ಎಂಬ ಬೀಟ್‌ರೂಟ್ ಸಾರು, ಕಡುಬಿನಂಥ ಪಿಯೆರೊಗಿ, ಮೀನು, ಎಲ್ಲವನ್ನೂ ಬಡಿಸಿದೆ. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ, ಬೀಡಿ ಬ್ರಾಂದಿ ಸಮೇತ. ಬೀರುವಿನಲ್ಲಿದ್ದ ವೋಡ್ಕಾವನ್ನೂ ಒಂದು ಲೋಟ ಬಗ್ಗಿಸಿ ಕೈಮುಗಿದೆ.

ಒಳಗೆ ಬಂದ ಹೆಲೆನಾ ಬಾಗಿಲಲ್ಲೇ ನಿಂತರು. “ಅದು ದಾರಿಹೋಕರು ಯಾರಾದರೂ ಬಂದರೆ ಎಂದು ಇಡುವ ತಟ್ಟೆ, ಮಗು. ಖಾಲಿ ಇರಬೇಕು.”

ನನ್ನ ಹರಕುಮುರುಕು ಪೋಲಿಷ್‌ನಲ್ಲಿ ಎಡೆಯ ವಿಷಯ ವಿವರಿಸುತ್ತಲೇ ತಟ್ಟೆ ಎತ್ತಲು ಹೋದೆ. ಅವರು ಕೈ ಹಿಡಿದುಕೊಂಡರು.

“ಬೇಡ, ಬಿಡು. ಚಿಕ್ಕವಳಿದ್ದಾಗ ಅದು ಅಪ್ಪನ ತಟ್ಟೆ ಎಂದೇ ನಂಬಿದ್ದೆ. ಬಾಗಿಲು ನೋಡುತ್ತಾ ಕೂರುತ್ತಿದ್ದೆ. ಇವತ್ತು ಮನೆಯಲ್ಲಿ ಊಟ ಮಾಡಲಿ.”

ಅವರು ಅತ್ತರು. ನಾನೂ ಅತ್ತೆ. ನನ್ನ ಅಳು ಅವರ ಅಪ್ಪನಿಗಲ್ಲವೆಂದು ಗೊತ್ತಾಯಿತೇನೋ, ಎದ್ದುಹೋಗಿ ಇನ್ನೊಂದು ತಟ್ಟೆ ತಂದರು.

“ನಿನ್ನ ತಂದೆ ಎಲ್ಲಿ ಕೂರುತ್ತಾರೆ?”

ಸರದಾರರ ಪಕ್ಕಕ್ಕೆ ಕೈ ತೋರಿಸಿದೆ. ಅಪ್ಪನಿಗೆ ನಾನೇ ಬಡಿಸಿದೆ.

ಮರುದಿನ ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ.

“ಕೋಲಾರದ ಬಸ್ ಹತ್ತೋಕೂ ಜೊತೆಗೊಬ್ರು ಬೇಕಿತ್ತು ನಿಮ್ಮಪ್ಪಂಗೆ. ಅಷ್ಟು ದೂರ ದಾರಿ ಗೊತ್ತಾಗ್ತದೇನ್ಲಾ?”

“ಈ ಮನೆ ಯಜಮಾನ್ರು ಕುದುರೆ ಮೇಲೆ ಕರ್ಕೊಂಡ್ ಬರ್ತಾರೆ ಬಿಡಮ್ಮ.”

ಅಮ್ಮ ನಕ್ಕಳು. “ಇಲ್ಲಿ ನಾವು ಇಕ್ತೀವಿ, ಅಲ್ಲಿ ನೀನೂ ಇಕ್ಕು. ಅವ್ರು ಎಲ್ಲಾದ್ರೂ ಉಣ್ಲಿ. ನೀನ್ಯಾವಾಗ್ ಬರ್ತೀಯಪ್ಪಾ?”

ಅಪ್ಪನಿಗೀಗ ಎರಡು ಮನೆಯಲ್ಲಿ ಊಟ. ನಾನು ಮಾತ್ರ ಯಾವ ಮನೆಯಲ್ಲಿ ಉಣ್ಣಲು ಕೂತರೂ ಇನ್ನೊಂದರಲ್ಲಿ ನನ್ನ ಜಾಗ ಖಾಲಿ.