ಅಕ್ಕನ ನಿಜವಾದ ವಯಸ್ಸು

ನನ್ನ ಅಕ್ಕ ನಲವತ್ತೈದು ತುಂಬಿದ ದಿನವೇ ವಯಸ್ಸಿಗೆ ಬೀಗ ಜಡಿದಳು. ಹದಿನೇಳು ವರ್ಷ ಅದನ್ನು ತೆರೆಯಲಿಲ್ಲ. ತಮ್ಮನಾದ ನಾನು ಅವಳನ್ನು ದಾಟಿ ಅಣ್ಣನಾದೆ. ಇನ್ನಷ್ಟು ವರ್ಷ ಹೋಗಿದ್ದರೆ ಅವಳಿಗೆ ಅಪ್ಪನೇ ಆಗಿಬಿಡುತ್ತಿದ್ದೆ.

ಅವಳದು ಫೋಟೋ ಸ್ಟುಡಿಯೋ. ಗಿರಾಕಿಗಳ ಮುಖದ ಸುಕ್ಕನ್ನು ಎಷ್ಟು ನಯವಾಗಿ ಅಳಿಸುತ್ತಿದ್ದಳೆಂದರೆ, ಫೋಟೋ ನೋಡಿದ ಗಂಡಂದಿರು ಸ್ವಂತ ಹೆಂಡತಿಯನ್ನೇ "ಯಾರೀ ಹುಡುಗಿ?" ಎಂದು ಕೇಳುತ್ತಿದ್ದರು. ಭಾವ ಅವಳನ್ನು ಮದುವೆಯಾಗಿ ಎಂಟು ವರ್ಷ. ಎಂಟೂ ವರ್ಷ ಹೆಂಡತಿಗೆ ನಲವತ್ತೈದೇ ಆಗಿದ್ದರೂ ಲೆಕ್ಕ ಹಾಕದ ಸಜ್ಜನರು.

ಅಂಥ ಅಕ್ಕನ ಕತ್ತಿನಲ್ಲಿ ಗಂಟು ಎದ್ದಿತು. ಲಿಂಫೋಮಾ, ರಕ್ತದ ಕ್ಯಾನ್ಸರಿನ ಒಂದು ಬಗೆ ಎಂದರು. ವರದಿ ಬಂದ ದಿನ ಭಾವನೂ ನಾನೂ ಅವಳ ಆಚೆ ಈಚೆ ಕೂತೆವು.

"ಜೀನ್‌ಗಳಲ್ಲಿ ಆಗಿರೋ ಬದಲಾವಣೆ ಅಷ್ಟೇನೂ ಕೆಟ್ಟದ್ದಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ನಿಮ್ಮ ಟೆಲೋಮಿಯರ್ ತುಂಬ ಗಿಡ್ಡ."

"ಅಂದ್ರೆ?" ಭಾವ ಕೇಳಿದರು.

"ಜೀವಕೋಶದೊಳಗೆ ಕ್ರೋಮೋಸೋಮಿನ ತುದಿ ಕಾಯೋ ಭಾಗ. ಕೋಶ ಒಂದು ಎರಡಾದಾಗಲೆಲ್ಲ ಚೂರು ಸವೆಯುತ್ತೆ. ವಯಸ್ಸಾದವರಲ್ಲಿ ಗಿಡ್ಡ ಇದ್ರೆ ಸಹಜ. ನಲವತ್ತೈದಕ್ಕೇ ಇಷ್ಟು ಸವೆದಿದ್ರೆ ಮೂಳೆಯೊಳಗಿನ ಮಜ್ಜೆ ಪೂರ್ತಿ ಔಷಧಿ ತಡ್ಕೊಳ್ಳೋದು ಅನುಮಾನ. ಪೂರ್ತಿ ಕೊಟ್ರೆ ವಾಸಿಯಾಗೋ ಕಾಯಿಲೆ. ಈಗ ಅರ್ಧಕ್ಕೆ ಇಳಿಸ್ಬೇಕಾಗುತ್ತೆ."

ಭಾವ ಕಣ್ಣೊರೆಸಿಕೊಂಡರು. ನಾನು ಅಕ್ಕನ ಕಾಲು ತುಳಿದೆ. ಅವಳು ತಿರುಗಿ ತುಳಿದ ರಭಸಕ್ಕೆ ನನ್ನ ಹೆಬ್ಬೆರಳು ಇವತ್ತಿಗೂ ಮಳೆ ಬರುವುದನ್ನು ನೋವಿನಿಂದ ಮುಂಚೆಯೇ ಹೇಳುತ್ತದೆ.

"ಹೇಳೇ ಅಕ್ಕ!"

"ನೀನು ಬಾಯ್ಮುಚ್ಚೋ."

"ನೀನ್ ಹೇಳ್ತೀಯೋ, ನಾನೇ ಹೇಳ್ಲೋ?"

ಅಕ್ಕ ಭಾವನ ಮುಖ ನೋಡಿದಳು. ಆಮೇಲೆ ಸೊಳ್ಳೆಗೂ ಕೇಳಿಸದಂತೆ, "ಅರವತ್ತೆರಡು," ಎಂದಳು.

"ಏನು ಅರವತ್ತೆರಡು?"

"ವಯಸ್ಸು ಡಾಕ್ಟ್ರೇ! ಚೀಟಿ ಮಾಡ್ಸೋವಾಗ ಬಾಯಿಗೆ ಅಭ್ಯಾಸ ಆಗಿದ್ದು ಬಂದ್ಬಿಡ್ತು."

ಮೊದಲು ಸಿಡಿದವರು ಭಾವ.

"ನಂಗೆ ಐವತ್ತೆಂಟು ಕಣೇ! ಹೆಂಡ್ತಿ ಚಿಕ್ಕವಳು ಅಂತ ಎಂಟು ವರ್ಷ ತಲೆಗೆ ಬಣ್ಣ ಹಚ್ಕೊಂಡು ಸತ್ತೆನಲ್ಲೇ!"

"ನಾನೇನ್ ಹಚ್ಕೊಳ್ಳಿ ಅಂದಿದ್ನಾ? ಸುಮ್ನಿರ್ರೀ, ಡಾಕ್ಟ್ರು ಏನೋ ನೋಡ್ತಿದ್ದಾರೆ."

ಡಾಕ್ಟರಮ್ಮನ ಬೆರಳು ವರದಿಯಲ್ಲಿದ್ದ ವಯಸ್ಸಿನ ಪಟ್ಟಿಯ ಮೇಲೆ ಕೆಳಗೆ ಜಾರಿ ನಿಂತಿತು. ಅವರ ಮುಖ ಅರಳಿತು.

"ಅರವತ್ತೆರಡಕ್ಕೆ ಇದು ಸರಿಯಾಗೇ ಇದೆ. ಚೂರು ಉದ್ದವೇ! ಪೂರ್ತಿ ಔಷಧಿ ಕೊಡೋಣ."

"ಉದ್ದವಾ? ಹಾಗಾದ್ರೆ ಎಷ್ಟು ವರ್ಷದವಳ ಥರ ಕಾಣುತ್ತೆ?" ಎಂದಳು ಅಕ್ಕ.

ಆರು ತಿಂಗಳ ಔಷಧಿಗೆ ಗಂಟು ಕರಗಿತು. ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲವೆಂದು ಗೊತ್ತಾದ ದಿನ ಅಕ್ಕ ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ದಡದಡ ಇಳಿದಳು. ಹಿಂದೆ ಓಡಿದ ನಾವಿಬ್ಬರೂ ಕೊನೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕುಸಿದೆವು. ವಾರ್ಡಿನ ಆಯಾ ಗಾಲಿಕುರ್ಚಿ ತಳ್ಳಿಕೊಂಡು ಬಂದು ಅಕ್ಕನನ್ನೇ ಕೇಳಿದಳು:

"ಇವರಿಬ್ಬರಲ್ಲಿ ಪೇಷೆಂಟ್ ಯಾರಮ್ಮಾ?"