ಜೇನಿಗೆಂದು ಕೊಟ್ಟ ಸಕ್ಕರೆ

ಅಪ್ಪ, ಅವ್ವ ಒಂದೇ ವರ್ಷದಲ್ಲಿ ಚಳಿಜ್ವರ ಬಂದು ತೀರಿಕೊಂಡ ಮೇಲೆ ಮನೆಗೆ ಅಣ್ಣನೇ ಹಿರಿಯ. ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಕೆಳಗೆ ಒಬ್ಬ ತಮ್ಮ. ಹುಟ್ಟಿದಾಗಿನಿಂದ ಅವನ ಕಾಲುಗಳಲ್ಲಿ ಬಲವಿರಲಿಲ್ಲ, ಕೂರಿಸಿದಲ್ಲೇ ಕೂತಿರುತ್ತಿದ್ದ. ಅವನನ್ನು ಮೀಯಿಸುವುದು, ಉಣ್ಣಿಸುವುದು, ಹೊರಗೆ ಎತ್ತಿಕೊಂಡು ಹೋಗುವುದು ಎಲ್ಲವೂ ಅಣ್ಣನ ಪಾಲಿಗೆ. ಅವನನ್ನು ಬಿಟ್ಟು ತೋಟದ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ.

ಆಗ ಭಾಗಮಂಡಲದ ಹತ್ತಿರ ಒಬ್ಬ ಮೇಷ್ಟ್ರು ಜೇನು ಸಾಕುವುದನ್ನು ಕಲಿಸುತ್ತಿದ್ದರು. ಹೆತ್ತವರಿಲ್ಲದೆ ಮನೆ ನೋಡಿಕೊಳ್ಳುವ ಹುಡುಗರನ್ನು ವಿಚಾರಿಸಿ ಸೇರಿಸಿಕೊಂಡಿದ್ದರು. ಮನೆ ಬಿಟ್ಟು ಹೋಗದೆ ಮಾಡಬಹುದಾದ ಕೆಲಸ ಎಂಬುದು ಅವರ ಲೆಕ್ಕ. ಅಣ್ಣ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಹೋಗಿ ಕಲಿತ. ಮರದ ಪೊಟರೆಯಿಂದ ಜೇನನ್ನು ಪೆಟ್ಟಿಗೆಗೆ ತುಂಬುವುದು, ಮರಿ ಸಾಯದ ಹಾಗೆ ಜೇನುತುಪ್ಪ ತೆಗೆಯುವುದು ಎಲ್ಲ ಬಂತು. ಕಡೆಗೆ ಜೇನು ತುಂಬಿದ ಎರಡು ಪೆಟ್ಟಿಗೆ ಕೊಟ್ಟು ಕಳಿಸಿದರು. ಮಳೆಗಾಲ ದಾಟಿಸಿದರೆ ಇನ್ನಷ್ಟು ಪೆಟ್ಟಿಗೆ, ದಾಟಿಸದಿದ್ದರೆ ಇದ್ದದ್ದೂ ವಾಪಸ್.

ನಮ್ಮ ಕಡೆಯ ಮಳೆಯಲ್ಲಿ ಜೇನು ಹೊರಗೆ ಹೋಗಲಾರದು. ಆಗ ಸಕ್ಕರೆ ಪಾಕ ಇಡಬೇಕು. ಯುದ್ಧದ ಕಾಲವಾಗಿ ಸಕ್ಕರೆ ರೇಷನ್ನಿನಲ್ಲೂ ಸರಿಯಾಗಿ ಸಿಗುತ್ತಿರಲಿಲ್ಲ. ಮೇಷ್ಟ್ರು ಯಾರನ್ನೋ ಕಾಡಿ ಬೇಡಿ ಒಂದು ಡಬ್ಬಿ ಸಕ್ಕರೆ ಕೊಡಿಸಿದ್ದರು. ಅಣ್ಣ ಅದನ್ನು ಅಟ್ಟದ ಮೇಲಿಟ್ಟ.

"ನೊಣಕ್ಕೆ ಸಕ್ಕರೆ, ನಮಗೆ ಬೆಲ್ಲದ ಕಾಪಿ!" ಎಂದೆ ನಾನು.

"ಅವು ದುಡಿತವೆ. ನೀ ಎಂತ ದುಡಿತಿ ಮಾರಾಯ್ತಿ?" ಎಂದು ನಕ್ಕ.

ಆಟಿಯ ಜಡಿಮಳೆಯ ತಿಂಗಳಲ್ಲಿ ಅಣ್ಣನಿಗೆ ಹೊಳೆಯಾಚೆಯ ಮನೆಯೊಂದರಲ್ಲಿ ನಾಟಿ ಕೆಲಸ ಸಿಕ್ಕಿತು. ಹೊಳೆ ತುಂಬಿತ್ತು, ನಾಟಿ ಮುಗಿಯುವ ತನಕ ಅಲ್ಲೇ ನಿಲ್ಲಬೇಕು. ತಮ್ಮನನ್ನು ಚಾಪೆಯ ಮೇಲೆ ಕೂರಿಸಿ ಎಳೆದಾಡುವಷ್ಟು ನಾನು ಬೆಳೆದಿದ್ದೆ. ಅಣ್ಣ ನನ್ನ ಕೈಯಲ್ಲೇ ಪಾಕ ಮಾಡಿಸಿದ. ತೆಂಗಿನ ಚಿಪ್ಪಿಗೆ ಸುರಿದು, ನೊಣ ಮುಳುಗದ ಹಾಗೆ ಹುಲ್ಲುಕಡ್ಡಿ ಹಾಕಿಸಿ, ಪೆಟ್ಟಿಗೆಯೊಳಗೆ ಇಡಿಸಿದ. "ಸಕ್ಕರೇನೇ ಹಾಕು, ಬೆಲ್ಲ ಮುಟ್ಟಿಸಬೇಡ. ಹೊಟ್ಟೆ ಕೆಟ್ಟು ಸಾಯ್ತವೆ" ಎಂದು ಹೇಳಿ ಹೋದ.

ಅವನು ಹೋದ ಮಾರನೆಯ ದಿನವೇ ನಾನು ಡಬ್ಬಿ ಇಳಿಸಿದೆ. ಹಸಿವಿಗೆ ಎಂದರೆ ಸುಳ್ಳಾಗುತ್ತದೆ, ಮನೆಯಲ್ಲಿ ಗಂಜಿ ಇತ್ತು. ಹಿಂದೆ ನಮ್ಮ ಜೊತೆ ಆಡುತ್ತಿದ್ದ ಅಣ್ಣ ಈಗ ಬಿಡುವಾದಾಗಲೆಲ್ಲ ಆ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಆ ಹೊಟ್ಟೆಕಿಚ್ಚು ನನಗಿತ್ತು. ಮೊದಲು ಬೆರಳಲ್ಲಿ ನೆಕ್ಕಿದೆ. ಆಮೇಲೆ ಕಾಪಿಗೆ ಹಾಕಿದೆ. ಬಾಯಿ ಮುಚ್ಚಿಸಲು ತಮ್ಮನಿಗೂ ಕೊಟ್ಟೆ. ತಳ ಕಾಣತೊಡಗಿದಾಗ ಹೆದರಿ, ಪಾಕಕ್ಕೆ ಬೆಲ್ಲ ಸೇರಿಸಿದೆ. ಸಿಹಿ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಬರೀ ಬೆಲ್ಲ.

ಪೆಟ್ಟಿಗೆಯ ಬಾಯಲ್ಲಿ ಹಳದಿ ಕಲೆಗಳು ಬಿದ್ದವು. ನೊಣಗಳು ತೆವಳುತ್ತ ಹೊರಬಂದು ಹಲಗೆಯ ಮೇಲೇ ಸಾಯತೊಡಗಿದವು. ದಿನವೂ ಗುಡಿಸಿ ಗಿಡದ ಬುಡಕ್ಕೆ ಹಾಕುತ್ತಿದ್ದೆ. ಅಣ್ಣ ಬರುವ ಹೊತ್ತಿಗೆ ಎರಡೂ ಪೆಟ್ಟಿಗೆ ಸದ್ದಿಲ್ಲದೆ ಕೂತಿದ್ದವು. ಚಿಪ್ಪುಗಳನ್ನು ತೊಳೆದಿಟ್ಟು, ಸಕ್ಕರೆಯೆಲ್ಲ ಪಾಕಕ್ಕೇ ಮುಗಿಯಿತು ಎಂದೆ, ಅವನು ನಂಬಿದ.

ಮಳೆ ಬಿಟ್ಟ ಮೇಲೆ ಮೇಷ್ಟ್ರು ಬಂದರು. ಮುಚ್ಚಳ ತೆಗೆದು ಮೂಸಿದರು.

"ಬೆಲ್ಲ ಕೊಟ್ಟಿದ್ದೀಯ. ಸಕ್ಕರೆ ಯಾವ ಅಂಗಡಿಗೆ ಮಾರಿದೆ?"

"ಇಲ್ಲ ಸಾರ್, ದೇವರಾಣೆ ಇಲ್ಲ. ತಂಗಿಯನ್ನೇ ಕೇಳಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಸಕ್ಕರೆಯೇ ಹಾಕಿದ್ದು" ಎಂದೆ. ಚಾಪೆಯ ಮೇಲಿದ್ದ ತಮ್ಮ ಬಾಯಿ ತೆರೆದ. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡ.

"ತಂಗಿಗೂ ಪಾಠ ಚೆನ್ನಾಗಿಯೇ ಹೇಳಿಕೊಟ್ಟಿದ್ದೀಯ" ಎಂದರು ಮೇಷ್ಟ್ರು. ಪೆಟ್ಟಿಗೆಗಳನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರು.

ಆ ಬೇಸಿಗೆಗೆ ಮೊದಲೇ ನಾವು ಚೆಟ್ಟಳ್ಳಿಯ ಕಡೆ ಒಂದು ಎಸ್ಟೇಟಿನ ಕೂಲಿಯವರ ಲೈನುಮನೆಗೆ ಬಂದೆವು. ಇಬ್ಬರೂ ಕೆಲಸಕ್ಕೆ ಹೋಗಬೇಕಿತ್ತು. ಈಚೆಗೆ ಕೈಯೂರಿ ತೆವಳಲು ಕಲಿತಿದ್ದ ತಮ್ಮ ಒಲೆಯ ಹತ್ತಿರ ಹೋಗದ ಹಾಗೆ ಅವನ ಸೊಂಟಕ್ಕೆ ಬಟ್ಟೆ ಬಿಗಿದು ಬಾಗಿಲ ಕಂಬಕ್ಕೆ ಕಟ್ಟಿ ಹೋಗುತ್ತಿದ್ದೆವು. ಸಂಜೆ ಬಂದು ಬಿಚ್ಚಿದರೆ ಅವನು ಅಳುತ್ತಲೂ ಇರುತ್ತಿರಲಿಲ್ಲ. ಮುಂದಿನ ಮಳೆಗೆ ಜ್ವರ ಬಂತು, ಅವನು ಉಳಿಯಲಿಲ್ಲ. ಸಕ್ಕರೆಯ ವಿಷಯ ಅವನು ಕೊನೆಯವರೆಗೂ ಹೇಳಲಿಲ್ಲ.

ಇಷ್ಟರ ಮೇಲೂ ಒಂದು ದಾರಿ ತೆರೆದಿತ್ತು. ಕೆಲವು ವರ್ಷಗಳ ನಂತರ ಎಸ್ಟೇಟಿನ ದೊರೆ ತೋಟದಲ್ಲಿ ಜೇನು ಇಡಿಸಲು ಹೊರಟರು. ಅಣ್ಣ ಕಲಿತವನೆಂದು ಹಾಜರಿ ಬರೆಯುವ ರೈಟರಿಗೆ ಯಾರೋ ಹೇಳಿದ್ದರು. ಪೆಟ್ಟಿಗೆ ನೋಡಿಕೊಂಡರೆ ಸಾಕು, ಗುದ್ದಲಿ ಹಿಡಿಯಬೇಕಾಗಿಲ್ಲ ಎಂದು ರೈಟರು ಕರೆದರು. ಆ ಸಂಜೆ ಅಣ್ಣ ಅನ್ನ ಮುಂದಿಟ್ಟುಕೊಂಡು ಉಣ್ಣದೆ ಕೂತ.

"ಒಂದು ಕೇಳ್ತೇನೆ. ಆಗ ಪಾಕ ತೀರಾ ನೀರಾಗಿತ್ತಾ? ನಾನು ಹೇಳಿಕೊಟ್ಟದ್ದರಲ್ಲೇ ಎಂತಾದರೂ ತಪ್ಪಿತ್ತಾ?"

ಅವನು ಬೈಯುವ ದನಿಯಲ್ಲಿ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅದನ್ನು ಹೇಳಿದರೆ ತಮ್ಮನ ಸಾವಿಗೂ ನಾನೇ ಕಾರಣ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ನನಗನಿಸಿತು.

"ನೀ ಹೇಳಿದ ಹಾಗೇ ಮಾಡಿದ್ದೆ ಅಣ್ಣ."

"ಹಂಗಾರೆ ನನ್ನ ಕೈಯೇ ಸರಿ ಇಲ್ಲೆ" ಎಂದು ಊಟಕ್ಕೆ ಕೈ ಹಾಕಿದ.

ಬೆಳಿಗ್ಗೆ ಹಾಜರಿ ಕೂಗುವಾಗ ಅವನು ರೈಟರ ಮುಂದೆ ನಿಂತು, "ನನ್ನ ಕೈಗೆ ಜೇನು ಹಿಡಿಯಲ್ಲ ಸಾರ್, ಬೇರೆ ಯಾರಿಗಾದ್ರೂ ಕೊಡಿ" ಎಂದ. ನಾನು ಕುಕ್ಕೆ ಹಿಡಿದು ಹೆಂಗಸರ ಸಾಲಿನಲ್ಲಿದ್ದೆ. ಮಾತು ಸ್ಪಷ್ಟವಾಗಿ ಕೇಳಿಸಿತು. ರೈಟರು ಅವನನ್ನು ಗುಂಡಿ ತೋಡುವವರ ಜೊತೆ ಕಳಿಸಿದರು. ಸಾಯುವವರೆಗೂ ಅವನು ಅದೇ ಕೆಲಸ ಮಾಡಿದ.