ಹತ್ತನೆಯ ಹೆಸರು

ಕಾಗದನಗರದ ನಮ್ಮ ಸಣ್ಣ ಸಂಘಕ್ಕೆ ಅವರು ಅಧ್ಯಕ್ಷರಾಗಿದ್ದರು. ಕಾಗದದ ಕಾರ್ಖಾನೆಯಿಂದ ನಿವೃತ್ತರಾದವರು. ಅನುದಾನದ ಅರ್ಜಿ ಬರೆಯುವುದು ನನ್ನ ಕೆಲಸ. ಬರೆದು ಕೊಟ್ಟರೆ ಹಾಳೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ ನನಗೇ ವಾಪಸ್ ಕೊಡುತ್ತಿದ್ದರು. "ಓದಿ ಹೇಳು ಮಾರಾಯ್ತಿ, ಕಿವಿಗೆ ಬೀಳ್ಲಿ" ಎಂದು ಕಣ್ಣು ಮುಚ್ಚುತ್ತಿದ್ದರು. ನಾನು ಎಲ್ಲಿ ಸುಳ್ಳು ಬೆರೆಸಿದ್ದೆನೋ ಸರಿಯಾಗಿ ಅಲ್ಲೇ ಕೈ ಎತ್ತಿ ನಿಲ್ಲಿಸುತ್ತಿದ್ದರು. ಇದೆಲ್ಲ ದೊಡ್ಡಸ್ತಿಕೆ ಎಂದುಕೊಂಡು ನಾಲ್ಕು ವರ್ಷ ಒಳಗೊಳಗೇ ಸಿಡಿಮಿಡಿಗೊಂಡಿದ್ದೆ.

ಒಂದು ಸಲ, ದೊಡ್ಡವರಿಗೆ ಓದುಬರಹ ಕಲಿಸುವ ತರಗತಿಗೆ ಅರ್ಜಿ ಬರೆಯುತ್ತಿದ್ದೆ. ಅದು ಅಂದೇ ಶಿವಮೊಗ್ಗದ ಕಚೇರಿ ತಲುಪಬೇಕಿತ್ತು. ಕಲಿಯುವವರು ಹತ್ತು ಜನ ಇರಲೇಬೇಕು, ಸಿಕ್ಕಿದ್ದು ಒಂಬತ್ತು.

"ಯಾವ್ದಾದ್ರೂ ಒಂದು ಹೆಸರು ಸೇರಿಸ್ಲಾ ಸಾರ್?" ಎಂದೆ.

"ಸುಳ್ಳು ಬೇಡ. ನನ್ನ ಹೆಸರು ಬರಿ."

"ಅದೂ ಸುಳ್ಳೇ ಅಲ್ವಾ ಸಾರ್?" ಎಂದು ನಕ್ಕೆ.

ಅವರು ನಗಲಿಲ್ಲ. "ಸಹಿ ಒಂದು ಕಲ್ತಿದ್ದೀನಿ. ಅದು ಬಿಟ್ರೆ ಒಂದಕ್ಷರ ಬರಲ್ಲ."

ನನ್ನ ಕೈಯ ಪೆನ್ನು ಅಲ್ಲೇ ನಿಂತಿತು. ಮೂವತ್ತು ವರ್ಷ ಕಾಗದ ಮಾಡಿದವರು! ಹೇಗೋ ಬರೆದು ಮುಗಿಸಿ, ಅಭ್ಯಾಸಬಲದಿಂದ ಅರ್ಜಿಯನ್ನು ಅವರತ್ತ ಚಾಚಿದೆ. ಅವರು ಬೆರಳಲ್ಲಿ ಉಜ್ಜಿ, ವಾಪಸ್ ಕೊಟ್ಟು, ಕಣ್ಣು ಮುಚ್ಚಿದರು.

"ಓದಿ ಹೇಳು ಮಾರಾಯ್ತಿ."

ಒಂಬತ್ತು ಹೆಸರು ಓದಿದೆ. ಹತ್ತನೆಯದಕ್ಕೆ, "ಕಣ್ಣು ಬಿಡಿ ಸಾರ್" ಎಂದು ಹಾಳೆಯನ್ನು ಅವರತ್ತ ತಿರುಗಿಸಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ.